ಶರೀರ ಕರಗಿದಾಗ ಶಾರೀರ

ಕನ್ನಡದಲ್ಲಿ ‘ಶರೀರ’ ಮತ್ತು ‘ಶಾರೀರ’ ಎಂಬ ಎರಡು ಶಬ್ದಗಳುಂಟು. ಮೊದಲನೆಯದು ದೇಹ, ಎರಡನೆಯದು ಹಾಡುವ ಕಂಠ. ಹಿರಿಯ ಸಂಗೀತಗಾರರು ಎಳೆಯ ಗಾಯಕನೊಬ್ಬನನ್ನು ಕೇಳಿ ‘ಶಾರೀರ ಚೆನ್ನಾಗಿದೆ’ ಎಂದು ತಲೆದೂಗಿದರೆ ಅದು ಮೈಕಟ್ಟಿನ ಮಾತಲ್ಲ, ಕಂಠದ ಮಾತು. ಒಂದು ದೀರ್ಘಸ್ವರದಷ್ಟೇ ಅಂತರವಿರುವ ಈ ಎರಡು ಶಬ್ದಗಳ ನಂಟು ಆಕಸ್ಮಿಕವಲ್ಲ. 13ನೆಯ ಶತಮಾನದಲ್ಲಿ ದೇವಗಿರಿಯ ಯಾದವ ಅರಸು ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ತನ್ನ ‘ಸಂಗೀತ ರತ್ನಾಕರ’ದ ಮೊದಲ ಅಧ್ಯಾಯದಲ್ಲಿಯೇ ಮಾನವದೇಹದ ಉತ್ಪತ್ತಿಯನ್ನು ವಿವರಿಸುತ್ತಾನೆ. ಮುಂದೆ ಶಾರೀರದ ಲಕ್ಷಣವನ್ನು ಹೇಳುವಾಗ, ಅಭ್ಯಾಸವಿಲ್ಲದೆಯೂ ರಾಗವನ್ನು ವ್ಯಕ್ತಪಡಿಸಬಲ್ಲ ಧ್ವನಿಯ ಶಕ್ತಿಯೇ ಶಾರೀರವೆಂದೂ, ಶರೀರದೊಡನೆಯೇ ಹುಟ್ಟಿ ಬರುವುದರಿಂದ ಅದಕ್ಕೆ ಆ ಹೆಸರೆಂದೂ ತಿಳಿಸುತ್ತಾನೆ.

ಹಾಗಾದರೆ ಶರೀರದೊಡನೆ ಹುಟ್ಟಿದ ಶಾರೀರವು ಶರೀರವೇ ಬದಲಾದಾಗ ಏನಾಗುತ್ತದೆ? ಇದು ಹಿಂದಿನವರಿಗೆ ಬಾರದಿದ್ದ ಪ್ರಶ್ನೆ. ವಯಸ್ಸಿನಿಂದ, ರೋಗದಿಂದ, ಉಪವಾಸದಿಂದ ದೇಹ ಸೊರಗುವುದನ್ನು ಅವರು ಬಲ್ಲರು. ಆದರೆ ಒಂದು ಶಸ್ತ್ರಚಿಕಿತ್ಸೆಯಿಂದ ಒಂದು ವರ್ಷದೊಳಗೆ ನಲವತ್ತು ಐವತ್ತು ಕಿಲೋ ತೂಕ ಇಳಿದುಹೋಗುವ ಸಂಗತಿ ನಮ್ಮ ಕಾಲದ್ದು. ಹಾಡನ್ನೇ ಬದುಕಾಗಿಸಿಕೊಂಡವರಿಗೆ, ಪ್ರಾರ್ಥನೆಯಲ್ಲಿ ಹಾಡುವ ಗೃಹಿಣಿಗೆ, ಪಾಠಶಾಲೆಯಲ್ಲಿ ಸಂಗೀತ ಕಲಿಸುವ ಶಿಕ್ಷಕರಿಗೆ ವೈದ್ಯರು ಈ ಚಿಕಿತ್ಸೆಯನ್ನು ಸೂಚಿಸಿದಾಗ ಮನೆಮಂದಿಯ ಎದೆಯಲ್ಲಿ ಏಳುವ ಮೊದಲ ಶಂಕೆ ಇದೇ: ಜೀವ ಉಳಿಸಲು ಹೋಗಿ ಕಂಠ ಕಳೆದುಕೊಂಡೇವೇ? ಈ ಶಂಕೆಗೆ ಉಡಾಫೆಯ ಉತ್ತರವೂ ಸಲ್ಲದು, ಭಯದ ಉತ್ತರವೂ ಸಲ್ಲದು. ಆದುದರಿಂದ ನಾವು ಈ ವಿಷಯವನ್ನು ತುಸು ವಿಸ್ತಾರವಾಗಿಯೇ ವಾಚಕರ ಮುಂದಿಡುತ್ತಿದ್ದೇವೆ.

ಚಿಕಿತ್ಸೆಯ ಸ್ವರೂಪ

ಅತಿತೂಕವು ಇಂದು ಶ್ರೀಮಂತರ ಮನೆಯ ವಿಷಯವಾಗಿ ಉಳಿದಿಲ್ಲ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕ ಸ್ತ್ರೀಯರಲ್ಲಿ ಶೇ. 24ರಷ್ಟು, ಪುರುಷರಲ್ಲಿ ಶೇ. 23ರಷ್ಟು ಮಂದಿ ಅತಿತೂಕ ಅಥವಾ ಬೊಜ್ಜು ಉಳ್ಳವರು. ಇವರಲ್ಲಿ ಬಹುತೇಕರಿಗೆ ಆಹಾರನಿಯಮ, ನಡಿಗೆ, ವ್ಯಾಯಾಮ, ಔಷಧಿಗಳೇ ದಾರಿ. ತೂಕವು ಮಧುಮೇಹ, ರಕ್ತದೊತ್ತಡ, ಮೊಣಕಾಲಿನ ಸವೆತ, ನಿದ್ರೆಯಲ್ಲಿ ಉಸಿರುಗಟ್ಟುವಿಕೆಗಳನ್ನು ಜೊತೆಗೂಡಿಸಿಕೊಂಡು ಪ್ರಾಣಕ್ಕೇ ಕುತ್ತಾದಾಗ ವೈದ್ಯರು ಶಸ್ತ್ರಚಿಕಿತ್ಸೆಯ ಮಾತನ್ನೆತ್ತುತ್ತಾರೆ.

ಅದಕ್ಕೊಂದು ಅಳತೆಗೋಲಿದೆ. ಕಿಲೋಗ್ರಾಂ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಅಂಕಿಗೆ ದೇಹತೂಕ ಸೂಚ್ಯಂಕವೆಂದು ಹೆಸರು. 2022ರಲ್ಲಿ ಅಮೆರಿಕದ ಮತ್ತು ಅಂತರರಾಷ್ಟ್ರೀಯ ಶಸ್ತ್ರವೈದ್ಯ ಸಂಘಗಳು ಪ್ರಕಟಿಸಿದ ಸೂಚನೆಯಂತೆ ಈ ಸೂಚ್ಯಂಕ 35 ದಾಟಿದವರಿಗೆ ಶಸ್ತ್ರಚಿಕಿತ್ಸೆಯನ್ನು ಸೂಚಿಸಬಹುದು. ಏಷ್ಯಾದ ಜನರಲ್ಲಿ ಕಡಿಮೆ ತೂಕಕ್ಕೇ ಮಧುಮೇಹಾದಿ ರೋಗಗಳು ಅಡರುವುದರಿಂದ ಅವರಿಗೆ 27.5ರಿಂದಲೇ ಪರಿಗಣಿಸಬಹುದು. 160 ಸೆಂಟಿಮೀಟರ್ ಎತ್ತರದ ಸ್ತ್ರೀಯೊಬ್ಬಳಿಗೆ 35 ಎಂದರೆ ಸುಮಾರು 90 ಕಿಲೋ, 27.5 ಎಂದರೆ ಸುಮಾರು 70 ಕಿಲೋ. ಅಂಕಿ ಮುಟ್ಟಿದವರೆಲ್ಲ ಶಸ್ತ್ರಕ್ಕೆ ಒಡ್ಡಿಕೊಳ್ಳಬೇಕೆಂದು ಇದರ ಅರ್ಥವಲ್ಲ. ರೋಗಿಯ ಒಟ್ಟು ಸ್ಥಿತಿಯನ್ನು ನೋಡಿ ವೈದ್ಯರೇ ತೀರ್ಮಾನಿಸತಕ್ಕದ್ದು.

ಬೇರಿಯಾಟ್ರಿಕ್ ಎಂಬ ಹೆಸರಿನ ಈ ಶಸ್ತ್ರಚಿಕಿತ್ಸೆಯಲ್ಲಿ ಎರಡು ವಿಧಗಳು ಹೆಚ್ಚು ಪ್ರಚಲಿತ. ‘ಸ್ಲೀವ್’ ಎಂಬ ವಿಧಾನದಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಮಿಗಿಲಾಗಿ ಕತ್ತರಿಸಿ ತೆಗೆದು, ಉಳಿದುದನ್ನು ಬಾಳೆಹಣ್ಣಿನಾಕಾರದ ಕಿರಿದಾದ ಕೊಳವೆಯಾಗಿಸುತ್ತಾರೆ. ‘ಬೈಪಾಸ್’ ವಿಧಾನದಲ್ಲಿ ಜಠರದ ಮೇಲ್ತುದಿಯಲ್ಲಿ ಪುಟ್ಟ ಚೀಲವೊಂದನ್ನು ಮಾಡಿ, ಅದನ್ನು ನೇರವಾಗಿ ಸಣ್ಣಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಇದರ ಮೊದಲ ರೂಪವನ್ನು 1966ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಎಂಬ ಶಸ್ತ್ರವೈದ್ಯರು ನಡೆಸಿದರು. ಈಗ ಹೊಟ್ಟೆಯನ್ನು ಉದ್ದಕ್ಕೆ ಸೀಳದೆ, ಕೆಲವು ಸಣ್ಣ ರಂಧ್ರಗಳ ಮೂಲಕವೇ ಇದನ್ನು ಮಾಡುವುದು ರೂಢಿಯಾಗಿದೆ. ನಮ್ಮ ಬೆಂಗಳೂರಿನಲ್ಲಿಯೂ ಇದು ನಡೆಯುತ್ತದೆ.

ಗಮನಿಸಬೇಕಾದ ಸಂಗತಿಯೆಂದರೆ, ಈ ಎರಡರಲ್ಲಿ ಯಾವುದೂ ಕಂಠವನ್ನು ಮುಟ್ಟುವ ಶಸ್ತ್ರಕ್ರಿಯೆಯಲ್ಲ. ಕತ್ತರಿ ಆಡುವುದು ವಪೆಯ ಕೆಳಗೆ. ಧ್ವನಿ ಹುಟ್ಟುವುದು ಕೊರಳಿನಲ್ಲಿ. ಆದರೂ ಹಾಡುವವರು ತಮ್ಮ ಧ್ವನಿ ಬದಲಾಯಿತೆನ್ನುವುದುಂಟು. ಇದನ್ನು ತಿಳಿಯಲು ಜಗತ್ತಿಗೆಲ್ಲ ಬಹಿರಂಗವಾದ ಒಂದು ಪ್ರಸಂಗವನ್ನು ನೋಡುವುದು ಲೇಸು.

ಒಬ್ಬ ಮಹಾಗಾಯಕಿಯ ಕಥೆ

1960ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಜನಿಸಿದ ಡೆಬೊರಾ ವಾಯ್ಟ್ ಅವರು ಪಾಶ್ಚಾತ್ಯ ಸಂಗೀತದಲ್ಲಿ ‘ಸೊಪ್ರಾನೊ’ ಎಂದು ಕರೆಯುವ, ಸ್ತ್ರೀಕಂಠದ ಅತ್ಯುಚ್ಚ ಸ್ಥಾಯಿಯ ಗಾಯಕಿ. 1990ರಲ್ಲಿ ಮಾಸ್ಕೋದ ಚೈಕೋವ್‌ಸ್ಕಿ ಸ್ಪರ್ಧೆಯಲ್ಲಿ ಪ್ರಥಮ ಬಹುಮಾನ ಪಡೆದು, 1991ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ ರಂಗವನ್ನು ಏರಿದರು. ಒಪೆರಾ ಎಂದರೆ ಆದ್ಯಂತ ಹಾಡಿನಲ್ಲಿಯೇ ಸಾಗುವ ನಾಟಕ. ಅಲ್ಲಿ ಗಾಯಕರ ಮುಂದೆ ಧ್ವನಿವರ್ಧಕವಿರುವುದಿಲ್ಲ. ಸುಮಾರು 3800 ಆಸನಗಳ ಮೆಟ್ರೊಪಾಲಿಟನ್ ಸಭಾಂಗಣದ ಕೊನೆಯ ಸಾಲಿನವರೆಗೆ, ಹತ್ತಾರು ವಾದ್ಯಗಳ ಭೋರ್ಗರೆತವನ್ನು ದಾಟಿ, ಬರಿಯ ಕಂಠವೇ ತಲುಪಬೇಕು. ಅಂತಹ ಕಂಠ ವಾಯ್ಟ್ ಅವರದಾಗಿತ್ತು. ಅದರೊಡನೆ ಅತಿತೂಕವೂ ಅವರ ದೇಹಕ್ಕೆ ಅಂಟಿತ್ತು.

2004ರಲ್ಲಿ ಲಂಡನ್ನಿನ ರಾಯಲ್ ಒಪೆರಾ ಹೌಸ್, ರಿಚರ್ಡ್ ಸ್ಟ್ರಾಸ್ ರಚಿಸಿದ ‘ಅರಿಯಾಡ್ನೆ ಔಫ್ ನಾಕ್ಸೋಸ್’ ಎಂಬ ಒಪೆರಾದ ಪಾತ್ರದಿಂದ ಅವರನ್ನು ಕೈಬಿಟ್ಟಿತೆಂಬ ಸುದ್ದಿ ಪ್ರಕಟವಾಯಿತು. ಆ ಪಾತ್ರಕ್ಕೆ ನಿರ್ದೇಶಕರು ಗೊತ್ತುಪಡಿಸಿದ್ದ ಕಪ್ಪು ಉಡುಪು ಅವರ ದೇಹಕ್ಕೆ ಒಪ್ಪುವುದಿಲ್ಲವೆಂಬುದು ಕಾರಣ. ಕಂಠದಲ್ಲಿ ಕೊರತೆಯಿಲ್ಲದ ಗಾಯಕಿಗೆ ಉಡುಪಿನ ಅಳತೆಯಿಂದ ಪಾತ್ರ ತಪ್ಪಿದ್ದು ಸಂಗೀತಲೋಕದಲ್ಲಿ ದೊಡ್ಡ ವಾಗ್ವಾದಕ್ಕೆ ಎಡೆಮಾಡಿತು. ಅದೇ ವರ್ಷದ ಜೂನ್ ತಿಂಗಳಿನಲ್ಲಿ ಅವರು ನ್ಯೂಯಾರ್ಕಿನಲ್ಲಿ ಬೈಪಾಸ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. 2005ರ ಮಾರ್ಚ್ ತಿಂಗಳಿನಲ್ಲಿ ತಾವಾಗಿಯೇ ಅದನ್ನು ಪತ್ರಿಕೆಯ ಮೂಲಕ ಲೋಕಕ್ಕೆ ತಿಳಿಸಿದರು. ಆ ಹೊತ್ತಿಗೆ ಅವರು ನೂರು ಪೌಂಡಿಗೂ ಮಿಗಿಲಾಗಿ, ಎಂದರೆ 45 ಕಿಲೋ ದಾಟಿ ತೂಕ ಇಳಿಸಿದ್ದರು. 2008ರಲ್ಲಿ ಅದೇ ಲಂಡನ್ ರಂಗಕ್ಕೆ, ಅದೇ ಅರಿಯಾಡ್ನೆಯ ಪಾತ್ರಕ್ಕೆ ಮರಳಿದರು.

ಇನ್ನು ಕಂಠದ ವಿಚಾರ. ಶಸ್ತ್ರಚಿಕಿತ್ಸೆಯ ಅನಂತರ ತಮ್ಮ ಗಂಟಲಿಗಾಗಲಿ ವಪೆಗಾಗಲಿ ಯಾವ ಊನವೂ ಬಂದಿಲ್ಲವೆಂದೂ, ಆದರೆ ಮೊದಲು ತಾನೇ ತಾನಾಗಿ ಒದಗುತ್ತಿದ್ದ ಉಸಿರಿನ ಆಧಾರವನ್ನು ಈಗ ನೆನಪಿಟ್ಟು ಒದಗಿಸಿಕೊಳ್ಳಬೇಕಾಗಿದೆಯೆಂದೂ, ಪಕ್ಕೆಲುಬುಗಳನ್ನು ತೆರೆದಿಡುವುದನ್ನು ಮರೆಯಬಾರದಾಗಿದೆಯೆಂದೂ ಅವರು ಹೇಳಿಕೊಂಡರು. ಈ ಮಾತನ್ನು ಹಾಡುವವರು ಎರಡು ಸಲ ಓದಬೇಕು. ಅವರು ಕಳೆದುಕೊಂಡದ್ದು ಧ್ವನಿಯನ್ನಲ್ಲ; ಧ್ವನಿಗೆ ಒರಗಾಗಿದ್ದ ದೇಹದ ರೂಢಿಯನ್ನು. ಅಭ್ಯಾಸವಿಲ್ಲದೆಯೇ ಶರೀರದೊಡನೆ ಬರುವುದು ಶಾರೀರವೆಂದನಲ್ಲವೇ ಶಾರ್ಙ್ಗದೇವ? ಹಾಗೆ ತಾನಾಗಿ ಬಂದುದನ್ನು, ಶರೀರ ಬದಲಾದ ಮೇಲೆ, ಅಭ್ಯಾಸದಿಂದ ಮರಳಿ ಸಂಪಾದಿಸಬೇಕಾಯಿತು. ಈ ವಿಷಯದ ತಿರುಳು ಇಷ್ಟೇ ಎಂದು ನಮ್ಮ ಭಾವನೆ.

ಕೇಳಿದವರ ಅಭಿಪ್ರಾಯ ಒಂದೇ ಆಗಿರಲಿಲ್ಲ. ಕಂಠದ ಮೊದಲಿನ ತುಂಬು, ಬೆಚ್ಚನೆಯ ಗುಣ ತಗ್ಗಿ, ಅದು ತೆಳುವಾಗಿ ಹರಿತವಾಯಿತೆಂದು ಕೆಲವು ವಿಮರ್ಶಕರು ಬರೆದರು. ರಂಗದ ಮೇಲೆ ಚಲನೆ ಹಗುರವಾಗಿ, ಅಭಿನಯಕ್ಕೆ ಹೊಸ ಜೀವ ಬಂದಿತೆಂದು ಇನ್ನು ಕೆಲವರು ಮೆಚ್ಚಿದರು. 2006ರಲ್ಲಿ ಷಿಕಾಗೋದಲ್ಲಿ ಸ್ಟ್ರಾಸನ ‘ಸಲೋಮೆ’ಯಾಗಿ, 2011ರಲ್ಲಿ ಮೆಟ್ರೊಪಾಲಿಟನ್ನಿನಲ್ಲಿ ವಾಗ್ನರನ ‘ಬ್ರೂನ್‌ಹಿಲ್ಡೆ’ಯಾಗಿ ಅವರು ಹಾಡಿದರು. ಇವು ಸೊಪ್ರಾನೊ ಕಂಠಕ್ಕೆ ಅತ್ಯಂತ ಭಾರವಾದ ಪಾತ್ರಗಳಲ್ಲಿ ಸೇರಿದವು. ಆ ವೇಳೆಗೆ ಅವರಿಗೆ ಐವತ್ತು ವರ್ಷ ತುಂಬಿತ್ತು. ಮದ್ಯದ ವ್ಯಸನದೊಡನೆ ತಾವು ನಡೆಸಿದ ಹೋರಾಟವನ್ನೂ ಅವರು 2015ರಲ್ಲಿ ಹೊರಬಂದ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ವಯಸ್ಸು, ಪಾತ್ರಗಳ ಭಾರ, ಬದುಕಿನ ಕ್ಲೇಶ, ಶಸ್ತ್ರಚಿಕಿತ್ಸೆ ಇವು ನಾಲ್ಕೂ ಒಂದೇ ಕಂಠದ ಮೇಲೆ ಒಂದೇ ಕಾಲದಲ್ಲಿ ಎರಗಿರುವಾಗ, ಆದ ಬದಲಾವಣೆಯನ್ನೆಲ್ಲ ಶಸ್ತ್ರಚಿಕಿತ್ಸೆಯೊಂದರ ತಲೆಗೆ ಕಟ್ಟುವುದು ನ್ಯಾಯವಲ್ಲ.

ಇಂತಹುದೇ ವಾದ ಇನ್ನೊಬ್ಬ ಗಾಯಕಿಯ ವಿಷಯದಲ್ಲಿ ಅರ್ಧ ಶತಮಾನದ ಹಿಂದೆಯೇ ಎದ್ದಿತ್ತು. 1923ರಿಂದ 1977ರವರೆಗೆ ಬಾಳಿದ ಮರಿಯಾ ಕ್ಯಾಲಸ್ ಅವರು 1953 ಮತ್ತು 1954ರ ನಡುವೆ, ಯಾವ ಶಸ್ತ್ರಚಿಕಿತ್ಸೆಯೂ ಇಲ್ಲದೆ, ಸುಮಾರು 36 ಕಿಲೋ ಇಳಿದರು. ಮುಂದಿನ ವರ್ಷಗಳಲ್ಲಿ ಅವರ ಮೇಲಿನ ಸ್ವರಗಳು ನಡುಗತೊಡಗಿದವು. ಅದಕ್ಕೆ ತೂಕ ಇಳಿದದ್ದೇ ಕಾರಣವೆಂದು ಕೆಲವರು, ಎಳೆವಯಸ್ಸಿನಲ್ಲಿಯೇ ಭಾರವಾದ ಪಾತ್ರಗಳನ್ನು ಹಾಡಿದ್ದು ಕಾರಣವೆಂದು ಕೆಲವರು, ಸ್ನಾಯುಗಳ ರೋಗವೆಂದು ಮತ್ತೆ ಕೆಲವರು ವಾದಿಸುತ್ತ ಬಂದಿದ್ದಾರೆ. ಆ ವಾದ ಇಂದಿಗೂ ಮುಗಿದಿಲ್ಲ.

ಕಂಠ ನುಡಿಯುವ ಬಗೆ

ವಾದವನ್ನು ಬದಿಗಿಟ್ಟು ದೇಹದ ಯಂತ್ರವನ್ನು ನೋಡೋಣ. ಹಾರ್ಮೋನಿಯಮ್ ಬಲ್ಲವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಅದರಲ್ಲಿ ಗಾಳಿಯೂದುವ ತಿದಿಯಿದೆ, ಕಂಪಿಸುವ ಲೋಹದ ನಾಲಿಗೆಗಳಿವೆ, ಆ ನಾದವನ್ನು ತುಂಬಿಕೊಡುವ ಪೆಟ್ಟಿಗೆಯಿದೆ. ಮನುಷ್ಯನಲ್ಲಿ ಶ್ವಾಸಕೋಶ ಮತ್ತು ವಪೆಗಳೇ ತಿದಿ. ಕೊರಳಿನ ಧ್ವನಿಪೆಟ್ಟಿಗೆಯೊಳಗಿನ ಎರಡು ಧ್ವನಿತಂತುಗಳೇ ನಾಲಿಗೆಗಳು. ಗಂಟಲು, ಬಾಯಿ, ಮೂಗುಗಳ ಪೊಳ್ಳೇ ಪೆಟ್ಟಿಗೆ. ಪಾಶ್ಚಾತ್ಯರು ವಾದ್ಯಗಳನ್ನು ಶ್ರುತಿ ಮಾಡಲು ಇಟ್ಟುಕೊಂಡ ಸ್ವರವು ಸೆಕೆಂಡಿಗೆ 440 ಕಂಪನಗಳದ್ದು. ಆ ಸ್ವರವನ್ನು ಹಿಡಿದ ಗಾಯಕಿಯ ಧ್ವನಿತಂತುಗಳು ಒಂದು ಸೆಕೆಂಡಿನಲ್ಲಿ 440 ಸಲ ಕೂಡಿ ಬೇರ್ಪಡುತ್ತಿರುತ್ತವೆ. ತಂತುಗಳ ಉದ್ದ, ಬಿಗಿ, ದಪ್ಪಗಳು ಶ್ರುತಿಯನ್ನು ನಿರ್ಧರಿಸುತ್ತವೆ. ಕೆಳಗಿನಿಂದ ಬರುವ ಗಾಳಿಯ ಒತ್ತಡವು ಧ್ವನಿಯ ಬಲವನ್ನು ನಿರ್ಧರಿಸುತ್ತದೆ. ಮೇಲಿನ ಪೊಳ್ಳಿನ ಆಕಾರವು ಅದರ ಬಣ್ಣವನ್ನು ನಿರ್ಧರಿಸುತ್ತದೆ.

ಈ ಮೂರರಲ್ಲಿ ಬೊಜ್ಜಿಗೆ ಯಾವ ಪಾತ್ರವಿದೆ? ಕೊಬ್ಬು ತಾನಾಗಿ ನಾದವನ್ನು ಹುಟ್ಟಿಸುವುದಿಲ್ಲ, ಬಲಪಡಿಸುವುದೂ ಇಲ್ಲ. ದಪ್ಪನೆಯ ಗಾಯಕರ ಕಂಠ ದೊಡ್ಡದೆಂಬ ಲೋಕದ ನಂಬಿಕೆಗೆ ಈ ದೃಷ್ಟಿಯಿಂದ ಆಧಾರವಿಲ್ಲ. ತೆಳ್ಳಗಿದ್ದೂ ಸಭಾಂಗಣ ತುಂಬಿಸಿದ ಕಂಠಗಳು ಎಲ್ಲ ದೇಶಗಳಲ್ಲಿಯೂ ಇವೆ. ವಾಸ್ತವವಾಗಿ ಹೊಟ್ಟೆಯ ಕೊಬ್ಬು ವಪೆಯನ್ನು ಮೇಲಕ್ಕೊತ್ತಿ, ಎದೆಯ ಗೂಡು ಹಿಗ್ಗುವುದನ್ನು ತಡೆದು, ಶ್ವಾಸಕೋಶದಲ್ಲಿ ಮಿಗುವ ಗಾಳಿಯನ್ನು ಕಡಿಮೆ ಮಾಡುತ್ತದೆ. ತೂಕ ಇಳಿದಾಗ ಈ ಅಡಚಣೆ ಸರಿದು ಉಸಿರು ಸಲೀಸಾಗುತ್ತದೆ. ಶಸ್ತ್ರಚಿಕಿತ್ಸೆಗೆ ಮೊದಲೂ ಅನಂತರವೂ ಧ್ವನಿಯನ್ನು ಅಳೆದು ನೋಡಿದ ಕೆಲವು ಅಧ್ಯಯನಗಳಲ್ಲಿ ಒಂದೇ ಉಸಿರಿನಲ್ಲಿ ಸ್ವರವನ್ನು ಹಿಡಿದು ನಿಲ್ಲಿಸುವ ಕಾಲ ಹೆಚ್ಚಿದ್ದು ಕಂಡುಬಂದಿದೆ. ಶ್ರುತಿಯ ಏರಿಳಿತದ ವಿಷಯದಲ್ಲಿ ಮಾತ್ರ ಎಲ್ಲ ಅಧ್ಯಯನಗಳೂ ಒಂದೇ ಮಾತನ್ನು ಹೇಳುವುದಿಲ್ಲ. ಇವುಗಳಲ್ಲಿ ಪರೀಕ್ಷೆಗೊಳಗಾದವರು ಕೆಲವೇ ಮಂದಿ. ಅವರಲ್ಲಿ ಹೆಚ್ಚಿನವರು ಸಾಮಾನ್ಯ ಜನರೇ ಹೊರತು ಪಳಗಿದ ಗಾಯಕರಲ್ಲ ಎಂಬುದನ್ನೂ ನೆನಪಿಡಬೇಕು.

ಇನ್ನೊಂದು ಬದಲಾವಣೆ ನಾದದ ಪೆಟ್ಟಿಗೆಯಲ್ಲಿ ಆಗುತ್ತದೆ. ಕೊಬ್ಬು ಹೊಟ್ಟೆ ಸೊಂಟಗಳಲ್ಲಷ್ಟೇ ಕೂಡುವುದೆಂದು ನಾವೆಲ್ಲ ಎಣಿಸುತ್ತೇವೆ. ಅದು ಕೊರಳಿನ ಒಳಗೋಡೆಯಲ್ಲಿಯೂ ನಾಲಗೆಯ ಬುಡದಲ್ಲಿಯೂ ಕೂಡುತ್ತದೆ. 2020ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು, ನಿದ್ರೆಯಲ್ಲಿ ಉಸಿರುಗಟ್ಟುವ ತೊಂದರೆಯುಳ್ಳ 67 ಮಂದಿಯನ್ನು ತೂಕ ಇಳಿಯುವ ಮುನ್ನ ಮತ್ತು ಇಳಿದ ಬಳಿಕ ಎಂ.ಆರ್.ಐ. ಯಂತ್ರದಿಂದ ಪರೀಕ್ಷಿಸಿದ ಫಲವನ್ನು ಪ್ರಕಟಿಸಿದರು. ಅವರಲ್ಲಿ ಕೆಲವರು ಆಹಾರನಿಯಮದಿಂದ, ಕೆಲವರು ಶಸ್ತ್ರಚಿಕಿತ್ಸೆಯಿಂದ ತೂಕ ಇಳಿಸಿದ್ದರು. ಸರಾಸರಿ ಶೇ. 10ರಷ್ಟು ತೂಕ ಇಳಿದಾಗ ಉಸಿರುಗಟ್ಟುವಿಕೆ ಶೇ. 31ರಷ್ಟು ತಗ್ಗಿತು, ಅದಕ್ಕೆ ಮುಖ್ಯ ಕಾರಣ ನಾಲಗೆಯ ಕೊಬ್ಬು ಕರಗಿದ್ದು. ಆ ಸಂಶೋಧನೆ ನಿದ್ರೆಗೆ ಸಂಬಂಧಿಸಿದ್ದಾದರೂ ಗಾಯಕರಿಗೆ ಅದರಲ್ಲೊಂದು ಪಾಠವಿದೆ. ನಾಲಗೆ ಮತ್ತು ಗಂಟಲುಗಳೇ ನಾದದ ಬಣ್ಣವನ್ನು ತೀಡುವ ಅಂಗಗಳು. ಅವುಗಳ ಗಾತ್ರ ಬದಲಾದರೆ, ಹಾಡುವವರ ಕಿವಿಗೆ ತಮ್ಮ ಕಂಠವೇ ಅಪರಿಚಿತವಾಗಿ ಕೇಳುವುದರಲ್ಲಿ ಸೋಜಿಗವೇನಿದೆ?

ಮೂರನೆಯದು ಆಧಾರದ ಮಾತು. ಹಲವು ವರ್ಷ ಭಾರವಾದ ಹೊಟ್ಟೆಯನ್ನು ಹೊತ್ತು ಹಾಡಿದವರ ಸ್ನಾಯುಗಳು ಆ ಭಾರಕ್ಕೆ ಎದುರಾಗಿ ಒತ್ತಲು ಕಲಿತಿರುತ್ತವೆ. ತುಂಬಿದ ಕೊಡ ಹೊತ್ತು ನಡೆಯುವವಳ ತಲೆಯ ಮೇಲಿಂದ ಕೊಡವನ್ನು ಇಳಿಸಿದರೆ ಒಂದು ಗಳಿಗೆ ಅವಳ ಹೆಜ್ಜೆಯೇ ತಪ್ಪಿದಂತಾಗುವುದಿಲ್ಲವೇ? ಭಾರ ಇಳಿದದ್ದು ಒಳಿತೇ. ಆದರೆ ನಡಿಗೆಯ ಹದವನ್ನು ಮರಳಿ ಹಿಡಿಯಬೇಕು. ಕಂಠಕ್ಕೂ ಹೀಗೆಯೇ. ಶಸ್ತ್ರಚಿಕಿತ್ಸೆಯ ಬಳಿಕ ಕೊಬ್ಬಿನೊಡನೆ ಸ್ನಾಯುವೂ ತುಸು ಕರಗುವುದರಿಂದ ಈ ಹದ ಕೂಡಲು ಮತ್ತಷ್ಟು ಕಾಲ ಬೇಕಾಗುತ್ತದೆ.

ನಿಜವಾದ ಅಪಾಯಗಳು

ತೂಕ ಇಳಿಯುವುದರಿಂದ ಕಂಠ ಹಾಳಾಗುತ್ತದೆಂಬ ಭಯ ಬಹುಮಟ್ಟಿಗೆ ಆಧಾರವಿಲ್ಲದ್ದು. ಆದರೆ ಚಿಕಿತ್ಸೆಯ ಆಚೀಚೆ ಕಂಠಕ್ಕೆ ಹಾನಿ ತರಬಲ್ಲ ನಾಲ್ಕು ಸಂಗತಿಗಳಿವೆ. ಇವುಗಳ ವಿಷಯದಲ್ಲಿ ಎಚ್ಚರವಿದ್ದರೆ ಬಹುಪಾಲು ತೊಂದರೆ ತಪ್ಪುತ್ತದೆ.

ಮೊದಲನೆಯದು ಅರಿವಳಿಕೆ. ರೋಗಿಗೆ ಪ್ರಜ್ಞೆ ತಪ್ಪಿಸಿದಾಗ ಉಸಿರಾಟಕ್ಕಾಗಿ ಬಾಯಿಂದ ಶ್ವಾಸನಾಳಕ್ಕೆ ಕೊಳವೆಯೊಂದನ್ನು ಇಳಿಸುತ್ತಾರೆ. ಅದು ಎರಡು ಧ್ವನಿತಂತುಗಳ ನಡುವೆಯೇ ಹಾದುಹೋಗತಕ್ಕದ್ದು. ಬಳಿಕ ಕೆಲವು ದಿನ ಗಂಟಲು ಕೆರೆತ, ಧ್ವನಿ ಒಡಕು ಇರುವುದು ಸಾಮಾನ್ಯ. ವಿರಳವಾಗಿ ತಂತುಗಳಿಗೆ ಗಾಯವಾಗುವುದೂ ಉಂಟು. ಹಾಡುವವರು ಈ ಸಂಗತಿಯನ್ನು ಅರಿವಳಿಕೆ ವೈದ್ಯರಿಗೆ ಮುಂಚಿತವಾಗಿ ತಿಳಿಸಬೇಕು. ಹೇಳಲು ಸಂಕೋಚ ಬೇಡ. ಸಾಧ್ಯವಾದಷ್ಟು ಸಣ್ಣ ಅಳತೆಯ ಕೊಳವೆಯನ್ನು ಆರಿಸಿ, ಮೃದುವಾಗಿ ಇಳಿಸಲು ಅವರಿಗೆ ಇದರಿಂದ ಅನುಕೂಲವಾಗುತ್ತದೆ.

ಎರಡನೆಯದು ಹುಳಿ. ಜಠರದ ಆಮ್ಲವು ಅನ್ನನಾಳದಲ್ಲಿ ಮೇಲಕ್ಕೇರಿ ಗಂಟಲನ್ನು ತಲುಪಿದರೆ ಧ್ವನಿತಂತುಗಳ ಮೇಲ್ಪೊರೆ ಊದಿಕೊಳ್ಳುತ್ತದೆ. ಬೆಳಿಗ್ಗೆ ಎದ್ದಾಗ ಧ್ವನಿ ಕಟ್ಟುವುದು, ಮತ್ತೆ ಮತ್ತೆ ಗಂಟಲು ಸರಿಪಡಿಸಿಕೊಳ್ಳಬೇಕೆನ್ನಿಸುವುದು, ಗಂಟಲಿನಲ್ಲಿ ಏನೋ ಸಿಲುಕಿದಂತಾಗುವುದು ಇದರ ಕುರುಹುಗಳು. ಸ್ಲೀವ್ ಮಾಡಿಸಿಕೊಂಡವರಲ್ಲಿ ಈ ತೊಂದರೆ ಹೊಸದಾಗಿ ಹುಟ್ಟುವ ಅಥವಾ ಹೆಚ್ಚುವ ಸಂಭವವಿದೆ; ಬೈಪಾಸಿನಿಂದ ಅದು ಸಾಮಾನ್ಯವಾಗಿ ತಗ್ಗುತ್ತದೆ. ಆದುದರಿಂದ ಎದೆಯುರಿ, ಹುಳಿತೇಗಿನ ತೊಂದರೆ ಮೊದಲೇ ಇರುವ ಗಾಯಕರು, ಎರಡರಲ್ಲಿ ಯಾವುದು ತಮಗೆ ಲೇಸೆಂಬುದನ್ನು ಶಸ್ತ್ರವೈದ್ಯರೊಡನೆ ವಿಶದವಾಗಿ ಚರ್ಚಿಸಬೇಕು. ಹಾಡುವವರ ಪಾಲಿಗೆ ಇದು ಇಡೀ ನಿರ್ಧಾರದಲ್ಲಿಯೇ ಅತಿ ಮುಖ್ಯವಾದ ಪ್ರಶ್ನೆ.

ಮೂರನೆಯದು ನೀರು. ಧ್ವನಿತಂತುಗಳು ತೇವವಾಗಿದ್ದರೆ ಮಾತ್ರ ಸಲೀಸಾಗಿ ಕಂಪಿಸುತ್ತವೆ. ಜಠರ ಕಿರಿದಾದವರು ಒಂದು ಲೋಟ ನೀರನ್ನು ಗಟಗಟನೆ ಕುಡಿಯಲಾರರು, ಊಟದೊಡನೆಯೂ ಕುಡಿಯುವಂತಿಲ್ಲ. ದಿನವಿಡೀ ಗುಟುಕು ಗುಟುಕಾಗಿ ಕುಡಿದು ಒಂದೂವರೆ ಲೀಟರನ್ನಾದರೂ ಪೂರೈಸಬೇಕು. ಕಛೇರಿಗೆ ಮುನ್ನ ಒಮ್ಮೆಗೇ ನೀರು ಕುಡಿದು ಗಂಟಲು ಹಸನು ಮಾಡಿಕೊಳ್ಳುವ ಹಳೆಯ ರೂಢಿಯನ್ನು ಅವರು ಬಿಡಬೇಕಾಗುತ್ತದೆ.

ನಾಲ್ಕನೆಯದು ಪೋಷಣೆ. ಅಲ್ಪಾಹಾರದಲ್ಲಿಯೇ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನು ದೇಹಕ್ಕೆ ಸೇರದಿದ್ದರೆ ಸ್ನಾಯುಗಳು ಕರಗುತ್ತವೆ. ಕಬ್ಬಿಣದ ಅಂಶ ಕುಂದಿದರೆ ರಕ್ತಹೀನತೆಯಿಂದ ಉಸಿರು ಬೇಗ ಸೋಲುತ್ತದೆ. ಬಿ-12 ಮತ್ತು ಬಿ-1 ಜೀವಸತ್ವಗಳು ಕುಂದಿದರೆ ನರಗಳಿಗೇ ಹಾನಿ. ಶಾಕಾಹಾರಿಗಳಾದ ನಮ್ಮ ಮನೆಗಳಲ್ಲಿ ಬಿ-12 ದೊರೆಯುವುದು ಬಹುತೇಕ ಹಾಲು ಮೊಸರುಗಳಿಂದ ಮಾತ್ರ. ಆದುದರಿಂದ ವೈದ್ಯರು ಕೊಟ್ಟ ಮಾತ್ರೆ, ಚುಚ್ಚುಮದ್ದುಗಳನ್ನು ಆರೋಗ್ಯ ಸುಧಾರಿಸಿತೆಂದು ನಡುವೆ ನಿಲ್ಲಿಸಕೂಡದು. ಅವು ಆಜೀವ ಪರ್ಯಂತದ ನೇಮ. ಬೇಳೆ, ಮೊಳಕೆಕಾಳು, ಮೊಸರು, ಪನೀರುಗಳಿಗೆ ತಟ್ಟೆಯಲ್ಲಿ ಮೊದಲ ಸ್ಥಾನವಿರಲಿ.

ಇಲ್ಲಿ ಮನೆಯವರಿಗೊಂದು ಮಾತು. ಉಣಬಡಿಸುವುದು ನಮ್ಮ ಮನೆತನಗಳ ಹಿರಿಮೆ. ಹಬ್ಬ, ಪ್ರಸಾದ, ಮದುವೆಗಳ ಪಂಕ್ತಿಯಲ್ಲಿ ‘ಇನ್ನೊಂದು ತುತ್ತು’ ಎಂದು ಒತ್ತಾಯಿಸುವುದು ಪ್ರೀತಿಯ ಲಕ್ಷಣ. ಆದರೆ ಈ ಚಿಕಿತ್ಸೆಯಾದವರಿಗೆ ಆ ಒಂದು ತುತ್ತು ವಾಂತಿಗೆ ದಾರಿಯಾಗುತ್ತದೆ. ವಾಂತಿಯೊಡನೆ ಮೇಲೇರುವ ಆಮ್ಲ ಕಂಠವನ್ನು ಸುಡುತ್ತದೆ. ಬೈಪಾಸ್ ಆದವರಿಗೆ ಹೋಳಿಗೆ ಪಾಯಸಗಳ ಸಿಹಿ ಹೆಚ್ಚಾದರೆ ಬೆವರು, ಎದೆಬಡಿತ, ತಲೆಸುತ್ತು ಬರುವುದುಂಟು. ಅವರ ಪಾಲಿಗೆ ಒತ್ತಾಯಿಸದಿರುವುದೇ ಉಪಚಾರ.

ಮತ್ತೆ ಮೊದಲ ಪಾಠ

ಚಿಕಿತ್ಸೆಗೆ ಮುನ್ನವೇ ಗಾಯಕರು ಮಾಡತಕ್ಕ ಕೆಲಸಗಳಿವೆ. ಕಿವಿ-ಮೂಗು-ಗಂಟಲಿನ ವೈದ್ಯರಿಂದ ಧ್ವನಿತಂತುಗಳನ್ನು ಪರೀಕ್ಷಿಸಿಕೊಂಡು ಅದರ ದಾಖಲೆಯನ್ನು ಇಟ್ಟುಕೊಳ್ಳಬೇಕು. ತಮ್ಮ ಹಾಡನ್ನು, ಮಂದ್ರದಿಂದ ತಾರದವರೆಗೆ ತಮ್ಮ ಕಂಠದ ಹರವನ್ನು, ಒಂದೇ ಉಸಿರಿನಲ್ಲಿ ಷಡ್ಜವನ್ನು ಎಷ್ಟು ಸೆಕೆಂಡು ಹಿಡಿಯಬಲ್ಲೆವೆಂಬುದನ್ನು ಧ್ವನಿಮುದ್ರಿಸಿಕೊಳ್ಳಬೇಕು. ಮುಂದೆ ‘ನನ್ನ ಧ್ವನಿ ಹೋಯಿತು’ ಎಂಬ ಅಳಲು ಎದ್ದಾಗ, ಅದು ನಿಜವೋ ಮನಸ್ಸಿನ ಕಳವಳವೋ ಎಂಬುದನ್ನು ಇವು ತೋರಿಸಿಕೊಡುತ್ತವೆ.

ಚಿಕಿತ್ಸೆಯ ಬಳಿಕ ಹೊಟ್ಟೆಯ ಗಾಯಗಳು ಒಳಗಿನಿಂದ ಮಾಯುವವರೆಗೆ, ಎಂದರೆ ನಾಲ್ಕರಿಂದ ಆರು ವಾರ ಭಾರ ಎತ್ತುವಂತಿಲ್ಲ. ತಾರಸ್ಥಾಯಿಯ ಗಾಯನವೂ ಹೊಟ್ಟೆಯ ಸ್ನಾಯುಗಳನ್ನು ಬಿಗಿಹಿಡಿಯುವ ಕೆಲಸವೇ. ಅದಕ್ಕೂ ವೈದ್ಯರ ಅಪ್ಪಣೆ ಬೇಕು. ಮೊದಲು ತುಟಿ ಮುಚ್ಚಿ ಮೆಲ್ಲನೆ ಗುನುಗುವುದು, ಬಳಿಕ ಮಧ್ಯಸ್ಥಾಯಿಯಲ್ಲಿ ಕೆಲವೇ ಸ್ವರಗಳು, ದಿನಕ್ಕೆ ಹತ್ತು ಹದಿನೈದು ನಿಮಿಷ ಸಾಕು. ಉಸಿರಿಗೆ ಬಲ ಬಂದಂತೆ ತಂಬೂರಿಯ ಶ್ರುತಿಗೆ ಮಂದ್ರದ ಷಡ್ಜವನ್ನು ಹಿಡಿದು ನಿಲ್ಲಿಸುವ, ನಮ್ಮ ಹಿಂದೂಸ್ತಾನಿ ಗಾಯಕರು ‘ಖರ್ಜ’ವೆನ್ನುವ ಸಾಧನೆಗೆ ಇಳಿಯಬಹುದು. ಪಕ್ಕೆಲುಬುಗಳು ಅಗಲವಾಗಿ ತೆರೆದಿವೆಯೇ, ಭುಜಗಳು ಸಡಿಲವಾಗಿವೆಯೇ ಎಂಬುದರ ಮೇಲೆ ಗುರುಗಳ ಕಣ್ಣಿರಲಿ. ತೂಕ ಇಳಿಯುತ್ತಿರುವ ಒಂದೂವರೆ ಎರಡು ವರ್ಷ ದೇಹ ತಿಂಗಳಿಂದ ತಿಂಗಳಿಗೆ ಬೇರೆಯಾಗುತ್ತಿರುತ್ತದೆ. ಈ ಅವಧಿಯಲ್ಲಿ ಕಂಠದ ಬಗೆಗೆ ಅಂತಿಮ ತೀರ್ಪು ಕೊಟ್ಟುಕೊಳ್ಳುವುದು ಸರಿಯಲ್ಲ. ಧ್ವನಿಯ ಒಡಕು ನಾಲ್ಕು ವಾರ ಕಳೆದರೂ ಹೋಗದಿದ್ದರೆ ಮಾತ್ರ ತಡಮಾಡದೆ ಗಂಟಲಿನ ವೈದ್ಯರನ್ನು ಕಾಣಬೇಕು.

ಒಪೆರಾ ಗಾಯಕಿಗೆ ಕಂಠದ ಗಾತ್ರದಲ್ಲಿ ಒಂದು ಎಳೆ ತಗ್ಗಿದರೂ ನಷ್ಟವೇ. ನಮ್ಮಲ್ಲಿ ಇಂದು ಹಾಡುವವರ ಮುಂದೆ ಧ್ವನಿವರ್ಧಕವಿದೆ. ಇಲ್ಲಿ ಶ್ರುತಿಶುದ್ಧಿ, ಉಸಿರಿನ ನೆಮ್ಮದಿ, ಭಾವ ಇವು ಉಳಿದರೆ ಎಲ್ಲವೂ ಉಳಿದಂತೆ. ಮೆಟ್ಟಿಲೇರಲಾರದೆ ಏದುಸಿರು ಬಿಡುತ್ತಿದ್ದವರು, ಚಕ್ಕಳಬಕ್ಕಳ ಹಾಕಿ ಕುಳಿತುಕೊಳ್ಳಲಾರದವರು, ಒಂದು ತಾಸು ನೆಟ್ಟಗೆ ಕುಳಿತು ಹಾಡುವಂತಾದರೆ ಅದು ಸಂಗೀತಕ್ಕೂ ಲಾಭವೇ.

ಕಂಠಕ್ಕೆ ಹೆದರಿ ಪ್ರಾಣಾಪಾಯವನ್ನು ಮೈಮೇಲೆ ಇಟ್ಟುಕೊಳ್ಳುವುದು ವಿವೇಕವಲ್ಲ. ಮಧುಮೇಹ, ಪಾರ್ಶ್ವವಾಯುಗಳು ಕಂಠವನ್ನೇನು ಬಿಟ್ಟುಕೊಡುತ್ತವೆಯೇ? ಹಾಗೆಯೇ ಕನ್ನಡಿಯಲ್ಲಿ ಕಾಣುವ ರೂಪಕ್ಕಾಗಿ, ನೆರೆಹೊರೆಯವರ ಕುಹಕಕ್ಕಾಗಿ, ಮದುವೆಯ ಮಾರುಕಟ್ಟೆಗಾಗಿ ಮಗಳನ್ನು ಶಸ್ತ್ರಕ್ಕೆ ಒಡ್ಡುವುದೂ ವಿವೇಕವಲ್ಲ. ಉಡುಪಿನ ಅಳತೆಯಿಂದ ಗಾಯಕಿಯನ್ನು ಅಳೆದ ಲಂಡನ್ನಿನ ರಂಗದವರನ್ನು ದೂರುವ ಮುನ್ನ, ನಮ್ಮ ಹಜಾರದಲ್ಲಿ ಹೆಣ್ಣುಮಕ್ಕಳ ಮೈಕಟ್ಟಿನ ಬಗೆಗೆ ನಾವಾಡುವ ಮಾತುಗಳನ್ನು ನೆನೆದುಕೊಳ್ಳುವುದು ಒಳ್ಳೆಯದು. ಆರೋಗ್ಯವೇ ನಿರ್ಧಾರಕ್ಕೆ ಆಧಾರವಾಗಿರಲಿ. ನಿರ್ಧಾರ ಹಾಡುವವರದೇ ಆಗಿರಲಿ.

ಹುಟ್ಟಿನಿಂದ ಬಂದ ಕಂಠ ವರದಾನ. ದುಡಿದು ಪಡೆದ ಕಂಠ ಸಂಪಾದನೆ. ಶರೀರ ಬದಲಾದವರಿಗೆ ಎರಡನೆಯದರ ಅವಕಾಶ ಹೊಸದಾಗಿ ದೊರೆಯುತ್ತದೆ. ಅಂತಹವರು ನಮ್ಮ ಮನೆಯಲ್ಲಿ ಮತ್ತೆ ತಂಬೂರಿ ಮಿಡಿದು ಸರಿಗಮದಿಂದ ತೊಡಗಿದಾಗ, ‘ಮೊದಲಿನ ಧ್ವನಿ ಎಲ್ಲಿ ಹೋಯಿತು?’ ಎಂದು ಕೇಳದೆ, ಪಕ್ಕದಲ್ಲಿ ಕುಳಿತು ಕೇಳುವ ತಾಳ್ಮೆಯನ್ನು ಮನೆಮಂದಿಯೆಲ್ಲ ತೋರಬೇಕೆಂದು ನಾವು ಹಾರೈಸುತ್ತೇವೆ.